ಬಾಗಿಲ ಚೀಟಿ ಹೇಳದ ಮಾತು

ಅಂದು ಶನಿವಾರ ಬೆಳಿಗ್ಗೆ ನಾನು ತಿಂಡಿಗೆ ಬಿಸ್ಕಿಟ್ ಹಿಟ್ಟು, ಅಂದರೆ ನಮ್ಮ ಕಡೆಯ ಮೆತ್ತನೆಯ ಬನ್ನಿನ ಹಿಟ್ಟು, ಕಲಸುತ್ತಿದ್ದೆ. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಓವನ್ ಇನ್ನೂ ಕಾದಿರಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಎರಡು ಸಲ ಕೂಗಿತು.

"ಅಜ್ಜ ಬಂದ!" ಎಂದು ನನ್ನ ಮಗಳು ಜೂನಿ ಒಂದೇ ಕಾಲಿಗೆ ಬೂಟು ಸಿಕ್ಕಿಸಿಕೊಂಡು ಓಡಿದಳು. ಅವಳಿಗೆ ಆರು ವರ್ಷ.

"ಏ, ನಿಲ್ಲೇ! ತಟ್ಟೇಲಿ ಏನಿಟ್ಟು ಕಳಿಸಲಿ? ಹಿಟ್ಟನ್ನೇ ತಿಂತಾನಾ ನಿಮ್ಮಜ್ಜ?"

"ಬೇಗ ಬಂದಿದಾನಮ್ಮ ಇವತ್ತು. ಪಾಪ, ಹಸಿವಾಗಿರಬೇಕು."

ಕಿಟಕಿಯಿಂದ ನೋಡಿದೆ. ಮೆಸ್ಕೀಟ್ ಮರದ ನೆರಳಲ್ಲಿ ಅಪ್ಪನ ಹಳೆಯ ಪಿಕಪ್ ನಿಂತಿತ್ತು. ಗೇಟಿನಿಂದ ಆಚೆ, ರಸ್ತೆಯ ಮೇಲೆ. ಒಂದು ಚಕ್ರವೂ ನಮ್ಮ ಜಾಗಕ್ಕೆ ಬಂದಿರಲಿಲ್ಲ. ಏಳು ತಿಂಗಳಿಂದ ಹೀಗೇ. ಶನಿವಾರ ಬರುತ್ತಾನೆ, ಹಾರ್ನ್ ಹೊಡೆಯುತ್ತಾನೆ. ಜೂನಿ ತಿಂಡಿ ಒಯ್ಯುತ್ತಾಳೆ. ಗಾಡಿಯಲ್ಲೇ ಕೂತು ತಿಂದು, ತಟ್ಟೆ ವಾಪಸು ಕೊಟ್ಟು, ಮೊಮ್ಮಕ್ಕಳಿಗೆ ಕೈಬೀಸಿ ಹೋಗುತ್ತಾನೆ.

ಅಡುಗೆಮನೆಯ ಕೊಕ್ಕೆಯಲ್ಲಿ ಅವನ ನೀಲಿ ಮಗ್ ನೇತಾಡುತ್ತಿರುತ್ತದೆ. ಪ್ರತಿ ಶುಕ್ರವಾರ ಧೂಳು ತೊಳೆದು ಮತ್ತೆ ಅಲ್ಲೇ ಹಾಕುತ್ತೇನೆ. ಕಾಫಿಯನ್ನು ಮಾತ್ರ ಕಾಗದದ ಲೋಟದಲ್ಲಿ ಕಳಿಸುತ್ತೇನೆ. ಆ ಮಗ್ ಒಂದು ಸಲ ಹೊರಗೆ ಹೋದರೆ ಹೊರಗಿನದೇ ಆಗಿಬಿಡುತ್ತದೇನೋ ಎಂಬ ಭಯ.

ಇದೆಲ್ಲ ಶುರುವಾದದ್ದು ನಮ್ಮ ಬಾಗಿಲ ಮೇಲಿನ ಒಂದು ಚೀಟಿಯಿಂದ. ಅಂಗೈ ಅಗಲದ್ದು. ಪಿಸ್ತೂಲಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ಅಂಟಿಸಿದವಳು ನಾನೇ.

ನಮ್ಮಪ್ಪ ಆರ್ಲಿಸ್ ದನದ ಮೇವಿನ ಅಂಗಡಿ ಇಟ್ಟಿದ್ದ. ಹನ್ನೊಂದು ವರ್ಷದ ಹಿಂದೆ ಇಬ್ಬರು ಬಂದೂಕು ಹಿಡಿದು ಅಂಗಡಿಗೆ ನುಗ್ಗಿದರು. ಗಲ್ಲಾದ ಮುಂದೆ ಕೂತಿದ್ದವಳು ನನ್ನಮ್ಮ. ಅವಳ ಜೀವಕ್ಕೆ ಏನೂ ಆಗಲಿಲ್ಲ. ಆದರೆ ಮತ್ತೆ ಎರಡು ವರ್ಷ ಬದುಕಿದ್ದರೂ ಆ ಅಂಗಡಿಗೆ ಕಾಲಿಡಲಿಲ್ಲ. ಅಂದಿನಿಂದ ಅಪ್ಪನ ಸೊಂಟದಲ್ಲಿ ಪಿಸ್ತೂಲು. "ಬೂಟಿಲ್ಲದೆ ಹೋದೇನು, ಇದಿಲ್ಲದೆ ಹೋಗಲ್ಲ" ಅನ್ನುತ್ತಿದ್ದ. ನಮ್ಮ ಟೆಕ್ಸಸ್ಸಿನಲ್ಲಿ ಅದು ಅವನ ಹಕ್ಕು. ಅದರ ಬಗ್ಗೆ ನನಗೆ ಯಾವತ್ತೂ ತಕರಾರಿರಲಿಲ್ಲ.

ಏಳು ತಿಂಗಳ ಹಿಂದೆ ಒಂದು ಭಾನುವಾರ ಚರ್ಚಿನಿಂದ ಬಂದು, ಉಂಡು, ನಮ್ಮ ಸೋಫಾದ ಮೇಲೆ ಅಪ್ಪ ನಿದ್ದೆಹೋಗಿದ್ದ. ನನ್ನ ಸಣ್ಣ ಮಗ ಕೋಲ್ ಆಗ ತಾನೇ ನಡೆಯಲು ಕಲಿತಿದ್ದ. ಸೋಫಾದ ದಿಂಬಿನ ಸಂದಿಗೆ ಕೈಹಾಕಿ ಏನನ್ನೋ ಎಳೆಯುತ್ತಿದ್ದ. ಅವನ ಮರದ ಚಮಚ ಒಳಗೆ ಬಿದ್ದಿರಬೇಕು ಅಂದುಕೊಂಡು ನಾನೂ ಕೈಹಾಕಿದೆ. ಚಮಚ ಸಿಕ್ಕಿತು. ಅದರ ಪಕ್ಕದಲ್ಲಿ ತಣ್ಣಗೆ ಇನ್ನೊಂದು ಸಿಕ್ಕಿತು. ಅಪ್ಪನ ಒರೆಯಿಂದ ಜಾರಿದ್ದ ಪಿಸ್ತೂಲು.

ನಾನು ಕಿರುಚಲಿಲ್ಲ. ಮಗುವನ್ನು ತೊಟ್ಟಿಲ ಮಂಚದಲ್ಲಿ ಕೂರಿಸಿದೆ. ಪಿಸ್ತೂಲನ್ನು ಎತ್ತರದ ಕಪಾಟಿನಲ್ಲಿದ್ದ ಅಪ್ಪನ ಟೋಪಿಯ ಪಕ್ಕ ಇಟ್ಟೆ. ಅಪ್ಪ ಎದ್ದ. ಅದನ್ನು ಅಲ್ಲಿ ನೋಡಿ, ತಾನೇ ತೆಗೆದಿಟ್ಟಿದ್ದೆ ಅಂದುಕೊಂಡು ಒರೆಗೆ ಸಿಕ್ಕಿಸಿಕೊಂಡ. ನನ್ನ ಹಣೆಗೆ ಮುತ್ತು ಕೊಟ್ಟು ಹೋದ. ನಾನು ಒಂದು ಮಾತೂ ಆಡಲಿಲ್ಲ. ಮರುದಿನ ಪೇಟೆಗೆ ಹೋಗಿ ಆ ಚೀಟಿ ತಂದು ಅಂಟಿಸಿದೆ.

ಮುಂದಿನ ಶನಿವಾರ ಅಪ್ಪ ಜಗಲಿ ಹತ್ತಿದ, ಚೀಟಿ ಓದಿದ, ಇಳಿದು ಹೋದ. ಅಂದಿನಿಂದ ಗೇಟಿನಾಚೆಯೇ.

ನಮ್ಮ ಕಡೆ ಒಂದು ರೂಢಿಯಿದೆ. ಒಬ್ಬನಿಗೆ ದನ ಎಷ್ಟಿವೆ ಅಂತ ಕೇಳಬಾರದು, ಸೊಂಟದಲ್ಲಿ ಏನಿದೆ ಅಂತಲೂ ಕೇಳಬಾರದು. ಕೇಳಿದವರು ಮರ್ಯಾದೆಗೆಟ್ಟವರು. ಮಕ್ಕಳಿಗೂ ಅದನ್ನೇ ಕಲಿಸುತ್ತೇವೆ. ಜೂನಿ ಎಷ್ಟು ಸಲ ಬಾಯಿ ತೆರೆದಳೋ ಅಷ್ಟು ಸಲ ನಾನು "ಅಜ್ಜನ್ನ ಹಾಗೆಲ್ಲ ಕೇಳಬಾರದು" ಎಂದು ಮುಚ್ಚಿಸಿದ್ದೆ.

ಅಂದು ಬಿಸ್ಕಿಟ್ ಓವನ್ನಿಗೆ ಇಡುವಾಗ ಇನ್ನೊಂದು ಗಾಡಿಯ ಸದ್ದಾಯಿತು. ಪಕ್ಕದ ತೋಟದ ಓಫೀಲಿಯಾ, ನನ್ನ ದೊಡ್ಡ ಪಾತ್ರೆ ವಾಪಸು ಕೊಡಲು ಬಂದಿದ್ದಳು. ಐವತ್ತು ದಾಟಿದವಳು. ಪಿಸ್ತೂಲು ಇಟ್ಟುಕೊಳ್ಳುವವರಿಗೆ ಅದರ ಕಾನೂನು, ಎಚ್ಚರಿಕೆ ಎರಡನ್ನೂ ಪಾಠ ಹೇಳುವುದು ಅವಳ ಕೆಲಸ. ತಾನೂ ಒಂದನ್ನು ಇಟ್ಟುಕೊಂಡೇ ಓಡಾಡುತ್ತಾಳೆ. ಗಾಡಿಯಿಂದ ಇಳಿಯುವ ಮೊದಲು ಅದನ್ನು ಸೀಟಿನಡಿಯ ಉಕ್ಕಿನ ಡಬ್ಬಿಯಲ್ಲಿಟ್ಟು ಬೀಗ ಹಾಕಿದಳು. ಜಗಲಿಗೆ ಬಂದು ಜಾಲರಿ ಬಾಗಿಲಾಚೆ ನಿಂತಳು.

"ಬರ್ಲಾ ಮಿಹಾ? ನಂದು ಗಾಡೀಲಿದೆ, ಬೀಗ ಹಾಕಿದೀನಿ."

ಮಿಹಾ ಅಂದರೆ ಸ್ಪ್ಯಾನಿಷಿನಲ್ಲಿ ಮಗಳೇ ಎಂದು. ಊರಿನ ಅರ್ಧ ಹೆಂಗಸರು ಅವಳಿಗೆ ಮಿಹಾಗಳು.

"ಬಾ. ನೀನ್ಯಾಕೆ ಪ್ರತಿ ಸಲ ಇದನ್ನ ಹೇಳ್ತೀಯಾ?"

"ಮನೆ ನಿಂದಲ್ವಾ? ನಾನು ಹೇಳಿದ್ರೆ ನೀನು ಕೇಳೋ ಕಷ್ಟ ತಪ್ಪುತ್ತೆ." ಪಾತ್ರೆ ಇಟ್ಟು ಕಿಟಕಿಯಾಚೆ ನೋಡಿದಳು. "ಇವತ್ತೂ ಗೇಟಲ್ಲೇ ತಿಂಡಿನಾ? ನಿಮ್ಮಪ್ಪನ ಪಿಕಪ್ಪಿಗೆ ಒಂದು ಮೇಜುಬಟ್ಟೆ ಹೊಲಿಸಿಬಿಡು, ಅನುಕೂಲ ಆಗುತ್ತೆ."

ನನಗೆ ನಗು ಬರಲಿಲ್ಲ. ಕಣ್ಣು ತುಂಬಿತು. ಸೋಫಾದ ಕಥೆಯನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ. ಓಫೀಲಿಯಾ ಕುರ್ಚಿ ಎಳೆದು ಕೂತಳು.

"ಇದು ಆರ್ಲಿಸ್‌ಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ನಾಚಿಕೆಯಿಂದ ಸತ್ತೇಹೋಗ್ತಾನೆ. ಅದಕ್ಕೇ ಚೀಟಿ ಹಾಕ್ದೆ. ಅರ್ಥ ಮಾಡ್ಕೋತಾನೆ ಅಂತ."

"ಆ ಚೀಟಿಗೆ ಕಾನೂನಿನ ಮುಂದೆ ಏನು ಕಿಮ್ಮತ್ತಿದೆ ಗೊತ್ತಾ? ಬೇಲಿ ಮೇಲೆ ಕೂತಿರೋ ಕಾಗೆಗೆ ಇರೋವಷ್ಟು."

"ಏನು ಹಾಗಂದ್ರೆ?"

"ನಮ್ಮಲ್ಲಿ ಬೋರ್ಡು ಹಾಕೋದಾದ್ರೆ ಕಾನೂನಲ್ಲಿ ಬರೆದಿರೋ ಮಾತೇ ಇರಬೇಕು. ಇಂಗ್ಲಿಷು, ಸ್ಪ್ಯಾನಿಷು ಎರಡೂ ಭಾಷೇಲಿ, ಒಂದಿಂಚು ಎತ್ತರದ ಅಕ್ಷರದಲ್ಲಿ. ಚಿತ್ರಕ್ಕೆ ಗೀಟು ಎಳೆದ್ರೆ ಆಗಲ್ಲ. ಆದ್ರೆ ಮನೆಯವರು ಎದುರು ನಿಂತು ಬಾಯಲ್ಲಿ ಹೇಳಿದ್ರೆ ಸಾಕು, ಅದು ನಡೆಯುತ್ತೆ. ಹೇಳಿದ ಮೇಲೂ ತರೋನು ತಪ್ಪು ಮಾಡಿದ ಹಾಗೆ."

"ಹಾಗಾದ್ರೆ ಅವನ ಹಕ್ಕು?"

"ಅವನ ಹಕ್ಕು ಎಲ್ಲೂ ಹೋಗಲ್ಲ. ರಸ್ತೇಲಿದೆ, ಅವನ ಗಾಡೀಲಿದೆ, ಅವನ ಮನೇಲಿದೆ. ನಿನ್ನ ಹೊಸಿಲು ದಾಟಿದ ಮೇಲೆ ಮಾತ್ರ ನಿನ್ನ ಮಾತು. ಎರಡು ಹಕ್ಕಿನ ನಡುವೆ ಒಂದು ಗೇಟಿದೆ ಅಷ್ಟೇ. ಗೇಟು ಇರೋದು ತೆರೆದು ಮುಚ್ಚೋಕೆ, ಗೋಡೆ ಥರ ನಿಲ್ಲೋಕಲ್ಲ."

"ಹೇಳೋದು ಸುಲಭ. ನಿಂಗೆ ಅಪ್ಪ ಅಲ್ಲವಲ್ಲ ಅವನು."

"ಅಪ್ಪ ಅಲ್ಲದಿದ್ರೆ ಯಾವತ್ತೋ ಹೇಳಿರ್ತಿದ್ದೆ ನೀನು" ಅಂದಳು ಓಫೀಲಿಯಾ.

ಬಿಸ್ಕಿಟ್ ಬೆಂದಿತ್ತು. ತಟ್ಟೆಗೆ ಹಾಕಿ, ಮೇಲೆ ಗ್ರೇವಿ ಸುರಿದು, ನಾನೇ ಎತ್ತಿಕೊಂಡೆ. ಜೂನಿ ಆಗಲೇ ಪಿಕಪ್ಪಿನ ಮೆಟ್ಟಿಲ ಮೇಲೆ ನಿಂತು ಕಿಟಕಿಗೆ ಗದ್ದ ಆನಿಸಿ ಅಜ್ಜನಿಗೆ ಅಲುಗಾಡುವ ಹಲ್ಲು ತೋರಿಸುತ್ತಿದ್ದಳು.

ನನ್ನನ್ನು ನೋಡಿ ಅಪ್ಪ ಸೆಟೆದು ಕೂತ. "ಏನಮ್ಮ ವರ್ನಾ, ಇವತ್ತು ಮನೆಯೊಡತಿಯೇ ಬಂದಳಲ್ಲ. ನಮ್ಮ ಗುಬ್ಬಿ ಜೂನಿಗೆ ಕೆಲಸ ಹೋಯ್ತಾ?"

"ಅಪ್ಪಾ, ಆ ಚೀಟಿ..."

"ಓದಿದೀನಿ ಬಿಡು."

"ಅದು ನಿನ್ನನ್ನ ಬರಬೇಡ ಅಂತಲ್ಲ."

"ಮತ್ಯಾರನ್ನ? ಈ ರಸ್ತೆಗೆ ನನ್ನ ಬಿಟ್ರೆ ಬರೋನು ಅಂಚೆಯವನು. ಅವನ ಹತ್ರ ಇರೋದು ನಾಯಿಗೆ ಹಾಕೋ ಬಿಸ್ಕತ್ತು." ಕೈ ಚಾಚಿ ತಟ್ಟೆ ತೆಗೆದುಕೊಂಡ. "ಆ ಚೀಟಿ ಕಾನೂನಲ್ಲಿ ನಿಲ್ಲಲ್ಲ ಅಂತ ನಂಗೂ ಗೊತ್ತು ಕಣೇ. ಬರೋದಾದ್ರೆ ಬರಬಹುದಿತ್ತು."

"ಮತ್ತೆ ಯಾಕೆ ಬರ್ಲಿಲ್ಲ?"

"ವರ್ಷಾ ವರ್ಷಾ ನನ್ನ ಬೇಲಿ ಕಂಬಕ್ಕೆ ನೇರಳೆ ಬಣ್ಣ ಬಳೀತೀನಲ್ಲ, ಯಾಕೆ? ಅಪ್ಪಣೆ ಇಲ್ಲದೆ ಯಾರೂ ಒಳಗೆ ಬರಬೇಡಿ ಅಂತ. ಬಣ್ಣ ನೋಡಿದ ಮೇಲೂ ಬಂದೋನಿಗೆ ನಾನು ಬೈಯಲ್ವಾ? ಊರಿಗೊಂದು ನ್ಯಾಯ, ಮಗಳ ಮನೆಗೊಂದು ನ್ಯಾಯನಾ? ಮಗಳು ಬೇಡ ಅಂದ್ಳು. ಬರ್ಲಿಲ್ಲ. ಅಷ್ಟೇ."

ಏಳು ತಿಂಗಳು ಅವನು ಹಟ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಅವನು ನನ್ನ ಬಾಗಿಲಿಗೆ ಮರ್ಯಾದೆ ಕೊಡುತ್ತ ಕೂತಿದ್ದ.

"ಜೂನಿ, ಹೋಗಿ ಕಾಫಿ ತಾ" ಎಂದು ಮಗಳನ್ನು ಕಳಿಸಿದೆ. ಆಮೇಲೆ ಹೇಳಿದೆ. ಸೋಫಾ. ದಿಂಬಿನ ಸಂದಿ. ಮರದ ಚಮಚ.

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಇಟ್ಟ. ಟೋಪಿ ತೆಗೆದ. ಅವನ ತಲೆ ಇಷ್ಟು ಬೆಳ್ಳಗಾಗಿದ್ದು ನನಗೆ ಗೊತ್ತೇ ಇರಲಿಲ್ಲ.

"ಕೋಲ್ ಮುಟ್ಟಿದ್ನಾ ಅದನ್ನ?"

"ಇಲ್ಲ. ಚಮಚ ಅದರ ಪಕ್ಕದಲ್ಲಿತ್ತು."

"ಯಾಕೆ ಹೇಳ್ಲಿಲ್ಲ ನಂಗೆ?"

"ನಿಂಗೆ ನಾಚಿಕೆ ಆಗುತ್ತೆ ಅಂತ."

"ನಾಚಿಕೆ ಒಂದು ದಿನದ್ದು ಕಣಮ್ಮಾ" ಅಂದ. "ಏಳು ತಿಂಗಳದ್ದಲ್ಲ."

ಓಫೀಲಿಯಾ ತನ್ನ ಗಾಡಿಯಿಂದ ಇನ್ನೊಂದು ಉಕ್ಕಿನ ಡಬ್ಬಿ ತಂದು ಪಿಕಪ್ಪಿನ ಬಾನೆಟ್ ಮೇಲೆ ಇಟ್ಟಳು. "ಪಾಠಕ್ಕೆ ಅಂತ ಇಟ್ಟಿದ್ದು. ಸೀಟಿಗೆ ಸರಪಳಿ ಹಾಕಿ ಬಿಗೀಬೇಕು ಆರ್ಲಿಸ್. ಗಾಡೀಲಿ ಹಾಗೇ ಬಿಟ್ರೆ ಕಳ್ಳನಿಗೆ ಉಡುಗೊರೆ ಕೊಟ್ಟ ಹಾಗೆ" ಎಂದಷ್ಟೇ ಹೇಳಿ ದೂರ ಹೋಗಿ ನಿಂತಳು.

ಅಪ್ಪ ಡಬ್ಬಿಯನ್ನು ನೋಡಲಿಲ್ಲ. "ನಾನು ಬರದೇ ಇದ್ದದ್ದೇ ಒಳ್ಳೇದಾಯ್ತು. ಹೊರಡ್ತೀನಮ್ಮಾ" ಎಂದು ಗಾಡಿಯ ಬೀಗದ ಕೈಗೆ ಕೈಹಾಕಿದ.

ನಾನು ಕಿಟಕಿಯ ಅಂಚು ಹಿಡಿದುಕೊಂಡೆ. ಕಾರಣ ಹೇಳಿಯಾಗಿತ್ತು. ಕೇಳಬೇಕಾದ ಒಂದನ್ನು ಮಾತ್ರ ಕೇಳಿರಲಿಲ್ಲ. ಕೇಳಿದರೆ, ಅವನು ಅದನ್ನು ಬಿಡಲಾರೆ ಎಂದುಬಿಟ್ಟರೆ? ಸೊಂಟದ ಆ ಭಾರಕ್ಕಿಂತ ನಾವು ಹಗುರ ಎಂದು ತಿಳಿದುಬಿಟ್ಟರೆ?

ಇದನ್ನು ಬರೆಯುತ್ತಿರುವಾಗ ಕೋಲ್ ನನ್ನ ಕಾಲ ಹತ್ತಿರ ಮರದ ಚಮಚದಿಂದ ನೆಲ ಬಡಿಯುತ್ತಿದ್ದಾನೆ. ಒಲೆಯ ಮೇಲೆ ಬೀನ್ಸ್ ಬೇಯುತ್ತಿದೆ. ಸಿಂಕಿನಲ್ಲಿ ತೊಳೆಯಬೇಕಾದ ಪಾತ್ರೆಗಳಿವೆ. ಅವುಗಳಲ್ಲಿ ಒಂದು ನೀಲಿ ಮಗ್, ತಳದಲ್ಲಿ ಇನ್ನೂ ಒಂದು ಗುಟುಕು ಕಾಫಿ. ಅದನ್ನು ತೊಳೆಯುವ ಮೊದಲು ನಿಮಗೆ ಒಂದೆರಡು ಮಾತು ಹೇಳಬೇಕು.

ಅಕ್ಕತಂಗಿಯರೇ, ನಿಮ್ಮ ಮನೆಯೊಳಗೆ ಬಂದೂಕು ಬರಬೇಕೋ ಬೇಡವೋ ಎಂದು ಹೇಳುವವರು ನೀವು. ಬರಲಿ ಎಂದರೂ ಸರಿ, ಬೇಡ ಎಂದರೂ ಸರಿ. ಆದರೆ ಬಾಯಿಬಿಟ್ಟು ಹೇಳಿ, ಕಾರಣವನ್ನೂ ಹೇಳಿ. ಚೀಟಿಯ ಮೇಲೆ ಭಾರ ಹಾಕಿ ಸುಮ್ಮನಾಗಬೇಡಿ. ಸೊಂಟದಲ್ಲಿ ಇಟ್ಟುಕೊಂಡು ಓಡಾಡುವ ಅಣ್ಣಂದಿರೇ, ನಿಮ್ಮ ಹಕ್ಕು ನಿಮಗಿರಲಿ. ಇನ್ನೊಬ್ಬರ ಹೊಸಿಲ ಹತ್ತಿರ ಮಾತ್ರ ಒಂದು ಕ್ಷಣ ನಿಂತು ನೀವೇ ಹೇಳಿಬಿಡಿ, ನೀವೇ ಕೇಳಿಬಿಡಿ. ಗಾಡಿಯಲ್ಲಿ ಇಡುವುದಾದರೆ ಬೀಗದೊಳಗೆ ಇಡಿ. ನಿಮ್ಮ ರಾಜ್ಯದ ಕಾನೂನು ನಮ್ಮದಕ್ಕಿಂತ ಬೇರೆ ಇರಬಹುದು, ತಿಳಿದವರನ್ನು ವಿಚಾರಿಸಿ. ಮಕ್ಕಳು ಮನೆಯಿಂದ ಮನೆಗೆ ಆಡಲು ಹೋಗುವಾಗಲೂ ಇದನ್ನು ಕೇಳಿ. ಕೇಳುವುದು ಮರ್ಯಾದೆಗೇಡಲ್ಲ. ನಾವು ಕೇಳದೆ ಕಳೆದ ಏಳು ತಿಂಗಳನ್ನು ನನಗೆ ಯಾರೂ ವಾಪಸು ಕೊಡಲಾರರು. ಕೋಲ್ ಮೊದಲ ಸಲ "ಅಜ್ಜ" ಎಂದದ್ದು ಕಿಟಕಿಯ ಗಾಜಿಗೆ.

ಅಂದು ಅಪ್ಪ ಬೀಗದ ಕೈ ತಿರುಗಿಸಿದ. ಎಂಜಿನ್ ಒಮ್ಮೆ ಕೆಮ್ಮಿತು. ಆಗ ಜೂನಿ ಬಂದಳು. ಕಾಗದದ ಲೋಟ ಅವಳಿಗೆ ಸಿಕ್ಕಿರಲಿಲ್ಲ. ಕುರ್ಚಿ ಹತ್ತಿ ಕೊಕ್ಕೆಯಿಂದ ನೀಲಿ ಮಗ್ ಇಳಿಸಿ, ಕಾಫಿ ತುಂಬಿ, ಎರಡೂ ಕೈಯಲ್ಲಿ ಹಿಡಿದು, ಒಂದು ಹನಿ ಚೆಲ್ಲದ ಹಾಗೆ ಇಷ್ಟಿಷ್ಟೇ ಹೆಜ್ಜೆಯಿಡುತ್ತ ಬಂದಳು. ಗೇಟಿನವರೆಗೆ ಬಂದು ನಿಂತಳು. ಆಚೆ ದಾಟಲಿಲ್ಲ.

ಅಪ್ಪ ಕಿಟಕಿಯಿಂದ ಕೈ ಚಾಚಿದ. ಅವಳು ಮಗ್ ಕೊಡಲಿಲ್ಲ. ಬಾನೆಟ್ ಮೇಲಿದ್ದ ಓಫೀಲಿಯಾಳ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಈ ಸಲ ನಾನು ಬೇಡ ಎಂದು ತಲೆಯಾಡಿಸಲಿಲ್ಲ.

"ಅಜ್ಜಾ, ನಿನ್ನ ಪಿಸ್ತೂಲನ್ನ ಆ ಡಬ್ಬೀಲಿಟ್ಟು ಒಳಗೆ ಬರ್ತೀಯಾ?"