ವಾಚನಾಲಯದ ಏಳು ಪತ್ರಗಳು

ಎನ್.ಆರ್. ಕಾಲೋನಿಯ ವಾಚನಾಲಯಕ್ಕೆ ಹದಿನೆಂಟು ವರ್ಷಗಳಿಂದ ಮುನಿರಾಮಪ್ಪನವರೇ ಅಧ್ಯಕ್ಷರು. ಕಾಲೇಜಿನಲ್ಲಿ ನಾಟಕ ಪಾಠ ಮಾಡುವ ಪ್ರತಿಭಾಳನ್ನು ಸಮಿತಿಗೆ ಕರೆತಂದವರೂ ಅವರೇ. ಹೋದ ತಿಂಗಳಿನಿಂದ ಕಾರ್ಯದರ್ಶಿ ಶ್ರೀಹರಿ ಅವಳ ಕಿವಿ ಊದುತ್ತಿದ್ದ.

“ಮೇಡಂ, ನಿಮ್ಮಷ್ಟು ಓದ್ಕೊಂಡೋರು ಈ ಏರಿಯಾದಲ್ಲೇ ಇಲ್ಲ. ಮುನಿರಾಮಪ್ಪನೋರು ಒಳ್ಳೆಯವರೇ, ಆದ್ರೆ ವಾಚನಾಲಯ ತಮ್ಮ ಸ್ವಂತದ್ದು ಅಂದ್ಕೊಂಡ್ಬಿಟ್ಟಿದಾರೆ.”

ಮೊದಮೊದಲು ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆಮೇಲೆ ಅವಳ ಹೆಸರಿಗೆ ಓದುಗರ ಪತ್ರಗಳು ಬರತೊಡಗಿದವು, ಒಂದೊಂದೂ ಬೇರೆ ಹೆಸರಿನಲ್ಲಿ. ‘ನೀವೇ ಮುಂದೆ ಬರಬೇಕು’ ಎಂದು ಏಳು ಜನ ಬರೆದದ್ದನ್ನು ಓದಿ ಅವಳು ಉಬ್ಬಿಹೋದಳು. ಮುನಿರಾಮಪ್ಪನವರ ಮೇಲಿನ ಅವಿಶ್ವಾಸದ ಪತ್ರಕ್ಕೆ ಸಹಿ ಹಾಕಿಕೊಟ್ಟಳು. ಐವರ ಸಮಿತಿಯಲ್ಲಿ ಅದು ಬಹುಮತಕ್ಕೆ ಬೇಕಿದ್ದ ಮೂರನೆಯ ಸಹಿ. ವಾಚನಾಲಯದ ಒಳಿತಿಗೇ ಎಂದು ತನಗೆ ತಾನೇ ಹೇಳಿಕೊಂಡಳು.

ಆ ಪತ್ರ ಓದಬೇಕಿದ್ದ ಸಮಿತಿ ಸಭೆಯ ದಿನ ಬೆಳಿಗ್ಗೆ ತರಗತಿಯಲ್ಲಿ ಹಳೆಯದೊಂದು ದುರಂತ ನಾಟಕದ ಪಾಠ. ನಾಯಕನನ್ನು ಆಪ್ತರೇ ಸೇರಿ ಕೊಲ್ಲುವ ಕಥೆ. ಸಂಚುಗಾರನೊಬ್ಬ ಸಜ್ಜನನನ್ನು ಹೊಗಳಿ ಹೊಗಳಿ, ಸುಳ್ಳು ಕಾಗದಗಳನ್ನು ಅವನ ಮನೆಗೆ ಎಸೆಯಿಸಿ, ತನ್ನ ಕಡೆ ಎಳೆದುಕೊಳ್ಳುವ ಭಾಗ ಬಂದಾಗ ತೇಜಶ್ರೀ ಎಂಬ ವಿದ್ಯಾರ್ಥಿನಿ ಕೈ ಎತ್ತಿದಳು.

“ಮೇಡಂ, ಅಷ್ಟು ಬುದ್ಧಿವಂತ, ಬರೆದೋರು ಯಾರು ಅಂತ ಒಂದ್ಸಲನೂ ವಿಚಾರಿಸ್ಲಿಲ್ವಾ?”

“ವಿಚಾರಿಸೋಕೆ ಅವನಿಗೆ ಇಷ್ಟ ಇರ್ಲಿಲ್ಲಮ್ಮ,” ಎಂದಳು ಪ್ರತಿಭಾ. ಹಾಗೆಂದವಳಿಗೆ ಮುಂದಿನ ಸಾಲು ಓದಲಾಗಲಿಲ್ಲ.

ಮಧ್ಯಾಹ್ನ ಸೀದಾ ವಾಚನಾಲಯಕ್ಕೆ ಹೋಗಿ ಸದಸ್ಯರ ಪಟ್ಟಿ ತೆಗೆದಳು. ಏಳರಲ್ಲಿ ಒಂದು ಹೆಸರೂ ಅಲ್ಲಿರಲಿಲ್ಲ. ಕಿಟಕಿಯ ಬಳಿ ಪತ್ರಿಕೆ ಜೋಡಿಸುತ್ತಿದ್ದ ಮುನಿರಾಮಪ್ಪನವರ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಳು.

ಅವರು ಕೈಯಲ್ಲಿದ್ದ ಪತ್ರಿಕೆಯನ್ನು ಕೆಳಗಿಟ್ಟರು. “ಕೋಪ ಇದ್ದಿದ್ರೆ ನನ್ಗೇ ಹೇಳ್ಬೋದಿತ್ತಲ್ಲಮ್ಮ.”

“ಕೋಪ ಇರ್ಲಿಲ್ಲ ಸಾರ್. ಹೊಗಳಿದ್ದು ಹಿತವಾಗಿತ್ತು.”

“ಯಾರಿಗೆ ಹಿತ ಅಲ್ಲ? ನನ್ನನ್ನೂ ಹೊಗಳಿ ಹೊಗಳೀನೇ ಅವನು ಕಾರ್ಯದರ್ಶಿ ಆಗಿದ್ದು.”

ಸಂಜೆ ಶ್ರೀಹರಿ ಅವಿಶ್ವಾಸದ ಪತ್ರ ಓದಲು ಎದ್ದ. ಅವನು ಬಾಯಿ ತೆರೆಯುವ ಮುಂಚೆಯೇ ಪ್ರತಿಭಾ ಎದ್ದು ನಿಂತು, ತನ್ನ ಸಹಿ ಹಿಂತೆಗೆದುಕೊಳ್ಳುತ್ತಿರುವುದಾಗಿ ಹೇಳಿದಳು. ಏಳು ಪತ್ರಗಳನ್ನೂ ಮೇಜಿನ ಮೇಲಿಟ್ಟಳು.

“ಇವರೆಲ್ಲ ಎಲ್ಲಿದಾರೆ ಶ್ರೀಹರಿ? ಸದಸ್ಯರ ಪಟ್ಟೀಲಿ ಒಬ್ಬರ ಹೆಸರೂ ಇಲ್ಲ. ಒಬ್ಬರನ್ನಾದ್ರೂ ಕರೀರಿ.”

ಅವನು ಎಲ್ಲರ ಮುಖವನ್ನೂ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಕಾರ್ಯದರ್ಶಿ ಕೆಲಸ ತನ್ನಿಂದಾಗದು ಎಂದು ಹೇಳಿ ಹೊರಟುಹೋದ.

ಪ್ರತಿಭಾಳ ಎದೆಯ ಭಾರ ಇಳಿದಿತ್ತು. ಅವಳು ಚಪ್ಪಲಿ ಮೆಟ್ಟುವಾಗ ಮುನಿರಾಮಪ್ಪನವರು ಬಾಗಿಲಿಗೆ ಬಂದರು.

“ಬರೋ ವರ್ಷ ಚುನಾವಣೆಗೆ ನಿಲ್ಲಿ. ನನ್ನ ಎದುರಿಗೇ ನಿಲ್ಲಿ. ಓಟು ಮಾತ್ರ ನಾನು ನನ್ಗೇ ಹಾಕ್ಕೋತೀನಿ.”

ತಿಂಗಳಿನಿಂದ ಅವರ ಕಣ್ಣು ತಪ್ಪಿಸುತ್ತಿದ್ದ ಪ್ರತಿಭಾ, ಅವರ ಮುಖ ನೋಡಿಕೊಂಡೇ ನಕ್ಕಳು.