ಅತಿ ಕೆಟ್ಟ ಚಿತ್ರಕ್ಕೆ ಒಂದು ಕೈ

ಓತಕರ್ ಸತ್ತ ಎಷ್ಟೋ ವರ್ಷಗಳ ಮೇಲೆ, ಪ್ರಾಗ್‌ನ ಜಿಝ್ಕೋವ್ ಬಡಾವಣೆಯ ಒಂದು ಸಣ್ಣ ಟಾಕೀಸಿನವರು ಅವನ ಸಿನಿಮಾಗಳ ಬಗ್ಗೆ ಚರ್ಚೆ ಇಟ್ಟುಕೊಂಡು ಅವನ ಹೆಂಡತಿ ಹೆದ್ವಿಕಾಳನ್ನು ಕರೆದರು. ಅವನು ತೆಗೆದದ್ದರಲ್ಲಿ ಅತ್ಯುತ್ತಮ ಯಾವುದು, ಅತಿ ಕೆಟ್ಟದ್ದು ಯಾವುದು ಎಂದು ವಾದ ಮಾಡಿ, ಕೊನೆಗೆ ಸಭಿಕರು ಕೈಯೆತ್ತಿ ತೀರ್ಮಾನಿಸುವುದಂತೆ. ಮೂಳೆ, ಗೊಂಬೆ, ತುಕ್ಕು ಹಿಡಿದ ಕತ್ತರಿಗಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸಿ, ಪ್ರತಿ ಸಲವೂ ಕ್ಯಾಮರಾದಲ್ಲಿ ಹಿಡಿದು, ಅವಕ್ಕೆ ಜೀವ ಬರಿಸಿ, ಕನಸು ನಡೆಯುವ ಹಾಗೆ ಕತೆ ನಡೆಸುತ್ತಿದ್ದವನನ್ನು ಈಗ ಚುನಾವಣೆಗೆ ನಿಲ್ಲಿಸುತ್ತಾರಲ್ಲ ಎಂದು ಅವಳಿಗೆ ನಗು ಬಂತು. ಬರುವುದಿಲ್ಲ ಎಂದೇ ಹೇಳಿದ್ದಳು. ಮಾತನಾಡುವವರಲ್ಲಿ ರಾದೋವಾನ್ ಹೆಸರೂ ಇದೆ ಎಂದು ತಿಳಿದ ಮೇಲೆ ಬರುತ್ತೇನೆ ಅಂದಳು.

ರಾದೋವಾನ್ ಸಿನಿಮಾ ವಿಮರ್ಶಕ. ಒಂದು ಕಾಲಕ್ಕೆ ಅವರ ಮನೆಯವನೇ ಆಗಿದ್ದ. ಚಿತ್ರಕ್ಕೆ ಬೇಕಾದ ಮೂಳೆಗಳನ್ನು ಹೆದ್ವಿಕಾ ಯಾವ ಪಾತ್ರೆಯಲ್ಲಿ ಬೇಯಿಸುತ್ತಾಳೋ ಅದೇ ಪಾತ್ರೆಯ ಆಲೂಗಡ್ಡೆ ಸೂಪನ್ನು ಗೊತ್ತಿದ್ದೂ ಎರಡೆರಡು ಸಲ ಹಾಕಿಸಿಕೊಂಡು ಕುಡಿಯುತ್ತಿದ್ದ. ‘ಹಲ್ಲುಗಳ ಮದುವೆ’ ಚಿತ್ರ ಮುಗಿದಾಗ ಮೊದಲು ನೋಡಿದವನೂ ಅವನೇ. ಆ ಸಂಜೆ ಅಡುಗೆಮನೆಯಲ್ಲಿ ಕೂತು ಓತಕರ್‌ನ ಮುಖಕ್ಕೇ ಹೇಳಿದ್ದ: “ಇದು ತನ್ನ ಕೊಳಕನ್ನ ತಾನೇ ಮೆಚ್ಚಿಕೊಂಡು ಊದಿಕೊಂಡಿರೋ ಚಿತ್ರ ಕಣೋ.” ಓತಕರ್ ತಟ್ಟೆ ಎಸೆದಿದ್ದ. ಚೂರುಗಳನ್ನು ಗುಡಿಸುತ್ತ ಹೆದ್ವಿಕಾ ಬಾಯಿ ಬಿಡಲಿಲ್ಲ. ಅವಳಿಗೂ ಹಾಗೇ ಅನ್ನಿಸಿತ್ತು.

ಮುಂದಿನ ತಿಂಗಳು ಅದೇ ಮಾತು, ಅಕ್ಷರವೂ ಬದಲಾಗದೆ, ಆಗ ದೇಶ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯಲ್ಲಿ ಬಂತು. ಕೆಳಗೆ ಹೆಸರಿರಲಿಲ್ಲ. ಚಿತ್ರದ ಸುರುಳಿಗಳು ಕಪಾಟು ಸೇರಿ ಬೀಗ ಬಿತ್ತು. ಓತಕರ್‌ಗೆ ಏಳು ವರ್ಷ ಕ್ಯಾಮರಾ ಮುಟ್ಟುವ ಹಾಗಿರಲಿಲ್ಲ. ಅವನು ಕಾರ್ಖಾನೆಯಲ್ಲಿ ಚಹಾ ಕಪ್ಪುಗಳಿಗೆ ನೀಲಿ ಹೂ ಬರೆದ, ಅವಳು ಹೋಟೆಲೊಂದರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದಳು. ರಾದೋವಾನ್ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಶನಿವಾರ ಮಧ್ಯಾಹ್ನ ಟಾಕೀಸು ತುಂಬಿತ್ತು. ಬಹುಪಾಲು ಕಾಲೇಜಿನವರು. ವಾದ ಜೋರಾಗಿಯೇ ನಡೆಯಿತು.

“‘ಮೇಜಿನಡಿಯ ಊರು’ ಮುಂದೆ ಉಳಿದಿದ್ದೆಲ್ಲ ಕಸ!” ಎಂದಳು ತಲೆ ಬೋಳಿಸಿಕೊಂಡಿದ್ದ ಒಬ್ಬ ಹುಡುಗಿ.

“ಅದಾ? ನಮ್ಮಜ್ಜಿಗೆ ನಿದ್ದೆ ಬರದಿದ್ರೆ ಅದನ್ನೇ ಹಾಕ್ಕೊಡೋದು,” ಎಂದ ಹಿಂದಿನ ಸಾಲಿನವನೊಬ್ಬ.

“ನಿಮ್ಮಜ್ಜಿ ಪುಣ್ಯವಂತೆ. ನೀನು ಕಣ್ಣು ಬಿಟ್ಕೊಂಡೇ ನಿದ್ದೆ ಹೊಡೆದಿದ್ದೀಯ!”

ಹೆದ್ವಿಕಾಳಿಗೆ ಖುಷಿಯಾಯಿತು. ಇಂಥ ಜಗಳ ಓತಕರ್‌ಗೆ ಇಷ್ಟವಾಗುತ್ತಿತ್ತು, ಕಪ್ಪುಗಳಿಗೆ ಹೂ ಬರೆಯುವುದಕ್ಕೆ ಮೊದಲಿನ ಓತಕರ್‌ಗೆ.

ಆಮೇಲೆ ವೇದಿಕೆಯಲ್ಲಿ ಹೆದ್ವಿಕಾಳ ಪಕ್ಕ ಕೂತಿದ್ದ ರಾದೋವಾನ್ ಎದ್ದ. ಬೆಳ್ಳಗಿನ ಗಡ್ಡ, ಕೈಯಲ್ಲಿ ಕೋಲು, ಮೆತ್ತಗಿನ ದನಿ. “ನನ್ನ ಗೆಳೆಯ ಓತಕರ್‌ನ ಅತ್ಯುತ್ತಮ ಚಿತ್ರ ‘ಹಲ್ಲುಗಳ ಮದುವೆ’. ಅದು ನಮ್ಮ ಕಾಲದ ಗಾಯ. ಅದನ್ನು ಸಹಿಸಿಕೊಳ್ಳುವ ಧೈರ್ಯ ಆಗ ಈ ದೇಶಕ್ಕಿರಲಿಲ್ಲ,” ಎಂದ. ಕಾಲೇಜಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಬಂದ ಆ ಬರಹದ ಬಗ್ಗೆ ಅವನು ಚಕಾರ ಎತ್ತಲಿಲ್ಲ.

ಸಭೆ ನಡೆಸುತ್ತಿದ್ದ ಶಿಮೋನ್ ಮೈಕನ್ನು ಹೆದ್ವಿಕಾಳ ಮುಂದಿಟ್ಟ. “ಮೇಡಂ, ನಿಮ್ಮ ಓಟು ಯಾವುದಕ್ಕೆ ಅಂತ ಕೇಳೋದೇ ಬೇಡ, ಅಲ್ವಾ?”

“ಕೇಳಪ್ಪ, ಕೇಳು,” ಎಂದಳು ಹೆದ್ವಿಕಾ. “ಅತಿ ಕೆಟ್ಟದ್ದು ‘ಹಲ್ಲುಗಳ ಮದುವೆ’.”

ಜನ ನಕ್ಕರು.

“ನಗಬೇಡಿ. ಆ ಹಲ್ಲುಗಳನ್ನ ಹಿಟ್ಟಲ್ಲಿ ಮಾಡಿ, ಒಲೇಲಿ ಸುಟ್ಟು, ಒಂದೊಂದಕ್ಕೂ ಕೋಟು ಹೊಲಿದವಳು ನಾನು. ಮದುಮಗಳ ಬಾಯಿಂದ ದಿಬ್ಬಣ ಹೊರಡೋದು ಒಂದು ಸಲ ನೋಡೋಕೆ ಚೆನ್ನ. ಮತ್ತೆ ಮತ್ತೆ ಹೊರಟ್ರೆ? ಕಾಲು ಗಂಟೆಯ ಸರಕನ್ನ ಒಂದೂವರೆ ಗಂಟೆ ಎಳೆದಿದ್ದಾನೆ. ಒಳ್ಳೇದು ಅಂದ್ರೆ ‘ಬಟ್ಟೆ ಒಗೆಯೋ ದಿನ’. ತಂತಿ ಮೇಲಿನ ಅಂಗಿ ಇಳಿದು ಬಂದು ಊಟಕ್ಕೆ ಕೂರತ್ತೆ, ಮನೇಲಿ ಯಾರಿಗೂ ಗೊತ್ತೇ ಆಗಲ್ಲ. ಅಷ್ಟೇ. ಅದನ್ನ ತೆಗೆಯುವಾಗ ತಾನು ದೊಡ್ಡ ಮನುಷ್ಯ ಅಂತ ಅವನಿಗೆ ಗೊತ್ತಿರಲಿಲ್ಲ.”

ಯಾರೂ ನಗಲಿಲ್ಲ. ತಲೆ ಬೋಳಿಸಿಕೊಂಡಿದ್ದ ಹುಡುಗಿ ಎದ್ದಳು. “ಮೇಡಂ, ಆಗ ಪಕ್ಷದ ಪತ್ರಿಕೇಲಿ ಯಾವನೋ ಬಾಲಬಡುಕ ಇದೇ ಮಾತು ಬರೆದಿದ್ದ. ಹೆಂಡತಿಯಾಗಿ ನೀವೂ ಅದನ್ನೇ ಹೇಳ್ತೀರಾ?”

“ಅವನು ಬರೆದದ್ದು ಸುಳ್ಳಲ್ಲವಲ್ಲ, ಮಗು.”

ಸಭೆಯಲ್ಲಿ ಗುಸುಗುಸು ಎದ್ದಿತು. ಹೆದ್ವಿಕಾ ಪಕ್ಕಕ್ಕೆ ತಿರುಗಿದಳು. ರಾದೋವಾನ್ ನೀರಿನ ಲೋಟವನ್ನೇ ನೋಡುತ್ತಿದ್ದ. ಅದನ್ನು ಬರೆದವನ ಹೆಸರು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಅಂದುಬಿಟ್ಟರೆ ಸಿನಿಮಾದ ಮಾತು ಅಲ್ಲಿಗೇ ಮುಗಿಯುತ್ತದೆ. ಹಳೇ ಸೇಡಿಗೆ ಮುದುಕಿ ಏನೋ ಬಡಬಡಿಸಿದಳು ಅನ್ನುತ್ತಾರೆ, ‘ಹಲ್ಲುಗಳ ಮದುವೆ’ ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಅವನೇ ಹೇಳಲಿ ಎಂದು ಕಾದಳು. ಅವನು ನೀರು ಕುಡಿದು ಲೋಟ ಕೆಳಗಿಟ್ಟ.

ಶಿಮೋನ್ ಗಡಿಬಿಡಿಯಿಂದ, “ಮೇಡಂಗೆ ಸ್ವಲ್ಪ ಸುಸ್ತಾಗಿದೆ ಅನ್ಸತ್ತೆ, ಓಟಿಗೆ ಹೋಗೋಣ,” ಎಂದ.

ಅತ್ಯುತ್ತಮ ಚಿತ್ರಕ್ಕೆ ಕೈಗಳ ಕಾಡೇ ಎದ್ದಿತು: ‘ಹಲ್ಲುಗಳ ಮದುವೆ’. ಅತಿ ಕೆಟ್ಟದ್ದು ಎಂದು ಹೆಚ್ಚಿನವರು ಆರಿಸಿದ್ದು ‘ಬಟ್ಟೆ ಒಗೆಯುವ ದಿನ’ವನ್ನೇ. ಅದು ಬರೀ ಮಕ್ಕಳಾಟವಂತೆ. ‘ಹಲ್ಲುಗಳ ಮದುವೆ’ ಅತಿ ಕೆಟ್ಟದ್ದು ಎಂದು ಎದ್ದದ್ದು ಒಂದೇ ಕೈ, ಅವಳದು. ಶಿಮೋನ್ ಅದನ್ನು ಎಣಿಸದ ಹಾಗೆ ಮುಖ ತಿರುಗಿಸಿದ.

ಹೊರಗೆ ಟ್ರಾಮಿಗೆ ಕಾಯುತ್ತಿದ್ದಾಗ ಕೋಲು ಊರುತ್ತ ರಾದೋವಾನ್ ಬಂದ.

“ಹೆದ್ವಿಕಾ, ನೀನು ಹೆಸರು ಹೇಳ್ತೀಯ ಅಂದ್ಕೊಂಡಿದ್ದೆ.”

“ನೀವು ಹೇಳ್ತೀರ ಅಂತ ನಾನೂ ಅಂದ್ಕೊಂಡಿದ್ದೆ.”

ಆ ‘ನೀವು’ ಅವನಿಗೆ ನಾಟಿತು. “ಪಕ್ಷದವರು ಕರೆಸಿ ಕೂರಿಸಿ, ಬರಿ ಅಂದ್ರು. ಸುಳ್ಳಂತೂ ಬರೀಬಾರದು ಅಂತ ಅಂದ್ಕೊಂಡೆ. ನನಗೆ ಅನ್ನಿಸಿದ್ದನ್ನೇ ಬರೆದೆ. ಅಷ್ಟಾದ್ರೂ ನಿಯತ್ತು ಇಟ್ಕೊಂಡಿದ್ದೆ.”

“ಸುಳ್ಳು ಬರೆದಿದ್ರೆ ವಾಸಿ ಇತ್ತು!” ಅವಳಿಗೆ ಬಂದ ಸಿಟ್ಟಿಗೆ ಮರ್ಯಾದೆಯ ಮಾತು ನಿಲ್ಲಲಿಲ್ಲ. “ಸುಳ್ಳಾಗಿದ್ರೆ ನಾನೂ ಓತಕರೂ ಕೂತು ನಿನ್ನ ಬೈಕೊಂಡು ನಗ್ತಿದ್ವಿ. ನಿಜಾನೇ ತಗೊಂಡು ಹೋಗಿ ಅವರ ಕೈಗೆ ಕೊಟ್ಟೆಯಲ್ಲೋ. ಬೀಗ ಬಿದ್ದ ಚಿತ್ರ ಚೆನ್ನಾಗಿಲ್ಲ ಅಂತ ಆಮೇಲೆ ಅವನಿಗೆ ಹೇಳೋರು ಯಾರು? ದಿನಾ ಕೇಳೋನು, ಅದು ಚೆನ್ನಾಗಿದೆ ಅಲ್ವಾ ಹೆದ್ವಿಕಾ ಅಂತ. ದಿನಾ ಹೂಂ ಅಂದೆ. ಅದನ್ನ ನಂಬಿಕೊಂಡು, ಕ್ಯಾಮರಾ ವಾಪಸ್ ಸಿಕ್ಕ ಮೇಲೆ ಸಾಯೋವರೆಗೂ ಅದನ್ನೇ ತೆಗೆದ. ಅದೇ ಹಲ್ಲು, ಅದೇ ದಿಬ್ಬಣ.”

ರಾದೋವಾನ್ ಕೇಳಿದ: “ಮತ್ತೆ ನಾನಿವತ್ತು ಏನು ಹೇಳಬೇಕಿತ್ತು?”

“ಆವತ್ತು ನಮ್ಮ ಅಡುಗೆಮನೇಲಿ ಹೇಳಿದ್ದನ್ನ.”

ಟ್ರಾಮ್ ಬಂತು. ಇಬ್ಬರ ದಾರಿಯೂ ಒಂದೇ ಕಡೆಗೆ. ಹೆದ್ವಿಕಾ ಮುಂದಿನ ಬಾಗಿಲಿನಿಂದ ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಹಿಂದಿನ ಬಾಗಿಲಿನಿಂದ ಕಷ್ಟಪಟ್ಟು ಹತ್ತಿದ್ದು ಕೋಲಿನ ಸದ್ದಿನಿಂದ ಗೊತ್ತಾಯಿತು. ಅವಳು ತಿರುಗಿ ನೋಡಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಓತಕರ್‌ನ ಚಿತ್ರಗಳನ್ನು ತನ್ನ ಹಾಗೇ ಕಂಡ ಮನುಷ್ಯ ಇವನೊಬ್ಬನೇ ಎಂಬುದು ಹೊಳೆದು ಅವಳ ಬಾಯೆಲ್ಲ ಕಹಿಯಾಯಿತು. ಇಳಿಯುವವರೆಗೂ ಅದು ಹೋಗಲಿಲ್ಲ.