ಭಾವನ ಫ್ಲಾಪಿ

ಆ ಹಳೇ ಕಂಪ್ಯೂಟರನ್ನು ನಾನು ಕೊಂಡದ್ದು ಒಂದೇ ಒಂದು ಕಾಗದ ಓದುವುದಕ್ಕೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಭಾವ, ಅಂದರೆ ಅಕ್ಕನ ಗಂಡ, ಅದನ್ನು ನನಗೆಂದೇ ಟೈಪು ಮಾಡಿ, ಒಂದು ಕರೀ ಫ್ಲಾಪಿಯಲ್ಲಿ ಹಾಕಿ ಅಕ್ಕನ ಕೈಲಿ ಕಳಿಸಿದ್ದರು. ಆಗ ಭಾವನಿಗೂ ನನಗೂ ಮಾತು ನಿಂತಿತ್ತು. ನನ್ನ ರಿಪೇರಿ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ, "ಇವನ ಕೈಗೆ ಕೊಟ್ರೆ ಸರಿಯಿರೋದೂ ಕೆಡತ್ತೆ" ಎಂದು ಅವರು ತಮಾಷೆ ಮಾಡಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಫ್ಲಾಪಿಯನ್ನು ಟೂಲ್ ಬಾಕ್ಸಿನ ತಳಕ್ಕೆ ಎಸೆದೆ. ತಿಂಗಳೊಳಗೆ ಭಾವ ಎದೆನೋವಿನಲ್ಲಿ ಹೋಗಿಬಿಟ್ಟರು.

ಸಿಟ್ಟಿಟ್ಟುಕೊಂಡೇ ಹೋದರೋ? ಅವತ್ತಿನಿಂದ ಇದೊಂದು ಪ್ರಶ್ನೆ ನನ್ನನ್ನು ಕೂತಲ್ಲಿ ಕೂರಲು ಬಿಟ್ಟಿಲ್ಲ. ಮೊದಮೊದಲು ಓದಲು ಭಯ. ಧೈರ್ಯ ಬರುವಷ್ಟರಲ್ಲಿ ಆ ಫ್ಲಾಪಿ ಹಿಡಿಸುವ ಯಂತ್ರಗಳೇ ಮಾಯ. ಭಾವ ಬರೆಯುವಾಗ ಅಕ್ಕ ಹಿಂದೆ ನಿಂತು ಓದಿದ್ದಳು. ಎಷ್ಟು ಗೋಗರೆದರೂ ಅವಳದು ಒಂದೇ ಮಾತು: "ನಿಂಗೆ ಬರೆದಿದ್ದು, ನೀನೇ ಓದ್ಕೋ."

ಕೊನೆಗೆ ಗುಜರಿಯಲ್ಲಿ ಭಾವನ ಬಳಿ ಇದ್ದಂಥದೇ ಕಂಪ್ಯೂಟರ್ ಸಿಕ್ಕಿತು. ಡಬ್ಬ ಹಳದಿಗಟ್ಟಿತ್ತು. ಒಳಗೆ ಬ್ಯಾಟರಿ ಸೋರಿ ಬೋರ್ಡಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು. ವಿನೆಗರಿನಲ್ಲಿ ಉಜ್ಜಿದೆ, ತಿಂದುಹೋದ ತಾಮ್ರದ ಗೆರೆಗಳಿಗೆ ಕೂದಲೆಳೆಯ ತಂತಿ ಬೆಸೆದೆ. ಊಟಕ್ಕೆ ಕೂತವನು ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದು ಹೋಗಿ ಇನ್ನೊಂದು ಸ್ಕ್ರೂ ಬಿಚ್ಚುತ್ತಿದ್ದೆ. "ಅದೇನೋ ಕಾಲಿಗೆ ಚಕ್ರ ಕಟ್ಕೊಂಡೋನ ಥರ! ಒಂದ್ನಿಮಿಷ ಸುಮ್ನೆ ಕೂರಬಾರ್ದಾ?" ಎಂದು ಅಕ್ಕ ಬೈದಳು. ಆದರೆ ಅವಳೂ ದಿನಾ ಬಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದಳು.

ಭಾವನ ಫ್ಲಾಪಿಯ ಬೂಷ್ಟನ್ನು ನಾನೇ ಒರೆಸಿದೆ. ಒಳಗಿದ್ದುದನ್ನು ಯಾರೂ ಅಳಿಸಲಾಗದಿರಲಿ, ಬದಲಿಸಲಾಗದಿರಲಿ ಎಂದು ಅದರ ಅಂಚಿನ ಕಚ್ಚಿಗೆ ಅವರು ಒಂದು ಪಟ್ಟಿ ಅಂಟಿಸಿದ್ದರು. ಗೋಂದು ಕೊಳೆತು ಜಿನುಗುತ್ತಿತ್ತು, ಡ್ರೈವಿಗೆ ಮೆತ್ತಿಕೊಂಡೀತೆಂದು ಕಿತ್ತು ಹಾಕಿದೆ.

ರಿಪೇರಿ ಮಾಡಿದ ಡ್ರೈವನ್ನು ಪರೀಕ್ಷಿಸದೆ ನಂಬಬಾರದು, ಇದು ನನ್ನ ಕಸುಬಿನ ಶಿಸ್ತು. ಬೇರೊಂದು ಖಾಲಿ ಫ್ಲಾಪಿ ಹಾಕಿ, ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡುವ ಆಜ್ಞೆ ಕೊಟ್ಟೆ. ಯಂತ್ರ ತಪ್ಪು ತೋರಿಸಿತು, ಡ್ರೈವಿನ ಬೆಲ್ಟ್ ಬಿಗಿಮಾಡಿದೆ, ಮತ್ತೆ ಕೊಟ್ಟೆ. ಹಿಂದಿನ ಆಜ್ಞೆಯನ್ನೇ ಮರಳಿ ತರುವ ಕೀಲಿಯೊಂದಿತ್ತು. ಅದನ್ನೊತ್ತಿ ಎಂಟರ್, ಅದನ್ನೊತ್ತಿ ಎಂಟರ್, ಹೀಗೆ ಹತ್ತು ಸಲ. ಹತ್ತನೆಯ ಸಲಕ್ಕೆ ಎಲ್ಲ ಸರಿಹೋಯಿತು.

"ಅಕ್ಕಾ, ಬಾ ಬಾ!" ಎಂದು ಕೂಗಿ ಭಾವನ ಫ್ಲಾಪಿ ಹಾಕಿದೆ. ಬೆರಳು ತಾನಾಗಿ ಅದೇ ಕೀಲಿಗೆ ಹೋಯಿತು. ಎಂಟರ್. ಯಂತ್ರ ಏನೋ ಕೇಳಿತು. ಓದುವ ವ್ಯವಧಾನ ಯಾರಿಗಿತ್ತು? ಇನ್ನೊಮ್ಮೆ ಎಂಟರ್.

ಡ್ರೈವ್ ಕಟಕಟ ಎನ್ನತೊಡಗಿದಾಗ ಗೊತ್ತಾಯಿತು, ನಾನು ಕೊಟ್ಟದ್ದು ಅದೇ ಅಳಿಸುವ ಆಜ್ಞೆ. ಪ್ಲಗ್ಗನ್ನೇ ಕಿತ್ತೆ. ಮತ್ತೆ ಹಾಕಿ ನೋಡಿದರೆ ಫ್ಲಾಪಿಯಲ್ಲಿ ಓದಲು ಬರುವಂಥದ್ದು ಒಂದಕ್ಷರವೂ ಇರಲಿಲ್ಲ.

"ಏನಾಯ್ತೋ?"

"ಅಳಿಸ್ಬಿಟ್ಟೆ ಅಕ್ಕ. ನಾನೇ, ನನ್ನ ಕೈಯಾರೆ."

ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನಾನು ಅವಳ ಮುಂದೆ ನೆಲಕ್ಕೆ ಕುಸಿದು ಕೂತೆ.

"ನೀನು ಓದಿದ್ಯಲ್ಲ. ಈಗಲಾದ್ರೂ ಹೇಳು. ಏನು ಬರೆದಿದ್ರು?"

ಅಕ್ಕ ಸೆರಗಿನಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲೆಲ್ಲಾ ಹಟಕ್ಕೆ ಹೇಳ್ಲಿಲ್ಲ ಕಣೋ. ನೀನು ಬಿಸಾಕಿದ್ದಕ್ಕೆ ನಂಗೂ ಸಿಟ್ಟಿತ್ತು. ಆಮೇಲೆ ಯಾವಾಗ ಮರೆತ್ನೋ, ಗೊತ್ತೇ ಆಗ್ಲಿಲ್ಲ. ಅವರ ಆ ಮಾತುಗಳು ನಂಗೂ ಬೇಕಿತ್ತು. ಅದಕ್ಕೇ ದಿನಾ ಬರ್ತಿದ್ದೆ."

ನಾನು ಬಿಕ್ಕಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

"ಸಿಟ್ಟಿರ್ಲಿಲ್ಲ ಅದ್ರಲ್ಲಿ. ಅಷ್ಟು ನೆನಪಿದೆ."

ನನ್ನ ಮುಖ ನೋಡದೆ ಹೇಳಿದಳು. ನಿಜವಾಗಿ ನೆನಪಿತ್ತೋ, ನನ್ನ ಸಮಾಧಾನಕ್ಕೆ ಅಂದಳೋ, ಕೇಳಬೇಕೆಂದು ತಲೆಯೆತ್ತಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೇಳಲಿಲ್ಲ.